ಬರೀ ಪೋಸ್ಟ್ ಹಾಕಿದ ಹೆಂಗಸರಿಗೂ ಜೈಲಾ? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಐಸಿಸ್ ಸೇರಿದ ಹೆಂಗಸರ ಬಗ್ಗೆ ಓದುತ್ತಿದ್ದೆ. ಯಾರ ಮೇಲೂ ಕೈ ಮಾಡದವರಿಗೂ ಬ್ರಿಟನ್‌ನಲ್ಲಿ ಶಿಕ್ಷೆ ಆಗಿದೆ. "ಸುಮ್ನೆ ಬಾಳೋಕೆ ಅಂತ ಹೋಗಿದ್ದೆ" ಅಂದರೆ ಕೋರ್ಟು ಒಪ್ಪಲ್ವಾ?

ವಕೀಲರು: ಒಪ್ಪಿಸೋದು ಕಷ್ಟ, ಮೇಡಂ. 2014ರಲ್ಲಿ ಸಿರಿಯಾದ ರಕ್ಕಾದಲ್ಲಿ ಬೇರೂರಿದ ಆ ಸಂಘಟನೆಗೆ ಹೋರಾಡುವವರಷ್ಟೇ ಸಂಸಾರಗಳೂ ಬೇಕಿದ್ದವು. ಅವನ್ನು ಕರೆಸುವ ಕೆಲಸದಲ್ಲಿ ಹೆಂಗಸರದ್ದು ದೊಡ್ಡ ಪಾಲು. ಗ್ಲಾಸ್ಗೋದಿಂದ ಹೋದ ಒಬ್ಬ ಯುವತಿ ಟಂಬ್ಲರ್ ಅನ್ನೋ ಬ್ಲಾಗ್ ತಾಣದಲ್ಲಿ ಏನು ಬರೆದಳು ಗೊತ್ತಾ? ಗಡಿ ದಾಟಿದ ಮೇಲೆ ಮನೆಗೆ ಮಾಡುವ ಮೊದಲ ಫೋನ್ ಎಷ್ಟು ಕಷ್ಟ ಅಂತ. ಅದನ್ನು ಓದುವ ಹುಡುಗಿಗೆ ಅಕ್ಕನೇ ಬುದ್ಧಿ ಹೇಳಿದ ಹಾಗಿರುತ್ತೆ. ವಿಶ್ವಸಂಸ್ಥೆ 2015ರಲ್ಲಿ ಅವಳನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು.

ಇನ್ನು ನೀವು ಹೇಳಿದ ವಾದ. ಬರ್ಮಿಂಗ್‌ಹ್ಯಾಮ್‌ನಲ್ಲಿ 2016ರಲ್ಲಿ ಇನ್ನೊಬ್ಬ ಹೆಂಗಸಿನ ಕೇಸಿನಲ್ಲಿ ಹೆಚ್ಚುಕಮ್ಮಿ ಇದೇ ಮಾತು ಬಂತು. ಆಕೆ ಪುಟ್ಟ ಮಗುವನ್ನೂ ಕರೆದುಕೊಂಡು ರಕ್ಕಾಕ್ಕೆ ಹೋಗಿ, ವಾಪಸ್ ಬಂದಿದ್ದಳು. ಆದರೆ ಅವಳ ಟ್ವೀಟ್‌ಗಳು ಇದ್ದವು. ಫೋಟೊಗಳೂ ಇದ್ದವು. ಒಂದರಲ್ಲಿ ಆ ಮಗುವಿನ ತಲೆಗೆ ಐಸಿಸ್ ಗುರುತಿನ ಟೋಪಿ! ಜ್ಯೂರಿ ನಂಬಲಿಲ್ಲ. ಒಟ್ಟು ಆರು ವರ್ಷ: ಸಂಘಟನೆಯ ಸದಸ್ಯತ್ವಕ್ಕೆ ನಾಲ್ಕು, ಟ್ವೀಟ್ ಮೂಲಕ ಪ್ರಚೋದಿಸಿದ್ದಕ್ಕೆ ಎರಡು. ಹೆಂಗಸು ಅಂದಕೂಡಲೇ "ಪಾಪ, ಮೋಸ ಹೋದಳು" ಅನ್ನುವುದು ನಮ್ಮ ಅಭ್ಯಾಸ. ನಿಜಕ್ಕೂ ಮೋಸ ಹೋದವರು ಇದ್ದಾರೆ, ಬಲವಂತಕ್ಕೆ ಸಿಕ್ಕವರೂ ಇದ್ದಾರೆ. ಅದನ್ನೂ ಸಾಕ್ಷ್ಯದಿಂದಲೇ ತೋರಿಸಬೇಕು.

ಇನ್ನೊಬ್ಬರು: ಇದು ಐಸಿಸ್ ಕಥೆ ಮಾತ್ರನಾ?

ವಕೀಲರು: ಅಲ್ಲ. ಬ್ರಿಟನ್‌ನಲ್ಲಿ 2016ರಲ್ಲಿ ನಿಷೇಧವಾದ ನವನಾಜಿ ಗುಂಪು ನ್ಯಾಷನಲ್ ಆ್ಯಕ್ಷನ್. ಅದು ಪ್ರಚಾರಕ್ಕೆಂದೇ "ಮಿಸ್ ಹಿಟ್ಲರ್" ಅಂತ ಆನ್‌ಲೈನ್ ಸ್ಪರ್ಧೆ ಇಟ್ಟಿತ್ತು. ಅದರಲ್ಲಿ ಭಾಗವಹಿಸಿದ್ದ ಒಬ್ಬಾಕೆ ತಾನು ಸದಸ್ಯೆಯೇ ಅಲ್ಲ ಅಂದಳು. ಕೋರ್ಟು ಒಪ್ಪಲಿಲ್ಲ, 2020ರಲ್ಲಿ ಮೂರು ವರ್ಷ ಜೈಲು ಆಯಿತು.

ಪ್ರಶ್ನೆ: ಪೋಸ್ಟ್ ತೆಗೆಸೋಕೆ ಕಾನೂನು ಇಲ್ವಾ?

ವಕೀಲರು: ಯುರೋಪಿಯನ್ ಒಕ್ಕೂಟದಲ್ಲಿ ಇದೆ. 2022ರ ಜೂನ್‌ನಿಂದ, ಅಧಿಕಾರಿಗಳ ಆದೇಶ ಬಂದ ಒಂದು ಗಂಟೆಯೊಳಗೆ ಭಯೋತ್ಪಾದಕ ಪೋಸ್ಟ್ ತೆಗೆಯಬೇಕು. ಒಳ್ಳೆಯದೇ. ಆದರೆ ಪೋಸ್ಟ್ ಬರೀ ಗಾಳ. ಮನಸ್ಸು ಕೆಡಿಸುವ ಕೆಲಸ ಜಾಸ್ತಿ ನಡೆಯೋದು ಖಾಸಗಿ ಚಾಟ್‌ನಲ್ಲಿ, ಅಲ್ಲಿಗೆ ಈ ಆದೇಶ ಮುಟ್ಟುವುದಿಲ್ಲ.

ಇನ್ನೊಬ್ಬರು: ನನ್ನ ತಂಗಿ ಬ್ರಿಟನ್‌ನಲ್ಲಿ ಇದೇ ವಿಷಯದ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಓದಿದರೂ ಕೇಸಾ?

ವಕೀಲರು: ದಾಳಿಗೆ ನೆರವಾಗುವಂಥ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ನೋಡುವುದೂ ಅಲ್ಲಿ 2019ರಿಂದ ಅಪರಾಧ, ಗರಿಷ್ಠ 15 ವರ್ಷ. ಸಂಶೋಧನೆ, ಪತ್ರಿಕೋದ್ಯಮಕ್ಕೆ ವಿನಾಯಿತಿ ಇದೆ. ಆದರೂ ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರ ಮೊದಲೇ ತೆಗೆದಿಟ್ಟುಕೊಳ್ಳಲಿ. ಫೈಲ್‌ಗಳನ್ನು ಸ್ನೇಹಿತರಿಗೆ ಫಾರ್ವರ್ಡ್ ಮಾಡುವುದಂತೂ ಬೇಡವೇ ಬೇಡ. ಹಂಚಿದರೆ ಬೇರೆ ಸೆಕ್ಷನ್ ಬೀಳಬಹುದು.