‘ಪೆರಿಫೆರಲ್ ವಿಷನ್’ಗೆ ಪದ ಬೇಕು, ಸಂಜೆಯೊಳಗೆ

ಒಂದು ಪ್ರಯೋಗದ ಸೂಚನೆ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪರದೆಯ ನಡುವೆ ಅಕ್ಷರಗಳು ಬದಲಾಗುತ್ತಿರುತ್ತವೆ. ಅಲ್ಲೇ ಕಣ್ಣು ನೆಟ್ಟು ಎಣಿಸಬೇಕು. ಬದಿಯಲ್ಲಿ ಬೆಳಕು ಮಿಂಚಿದ ಕೂಡಲೇ ಗುಂಡಿ ಒತ್ತಬೇಕು. ಎಣಿಕೆ ಕಷ್ಟವಾದಷ್ಟೂ ಗುಂಡಿ ಒತ್ತುವುದು ತಡವಾಗುತ್ತದೆ. ಹೀಗೆ ನೇರ ನೋಡುತ್ತಲೇ ಬದಿಯಲ್ಲೂ ಕಾಣುವುದಕ್ಕೆ ‘ಪರಿಧೀಯ ದೃಷ್ಟಿ’ ಅಂತ ಬರೆದಿದ್ದೆ. ಓದಿದವರೊಬ್ಬರು “ಇದು ಕಣ್ಣಿನ ಕಾಯಿಲೆಯಾ?” ಅಂದರು.

ಉತ್ತರ:
ಓರೆನೋಟ. ಇಲ್ಲವೇ ಕಡೆಗಣ್ಣ ನೋಟ. ನಮ್ಮದೇ ಪದ ಇರುವಾಗ ಪರಿಧಿ ಯಾಕೆ?

ಉತ್ತರ:
ಎರಡೂ ತಪ್ಪು. ಓರೆನೋಟದಲ್ಲಿ ಕಣ್ಣುಗುಡ್ಡೆ ಹೊರಳುತ್ತದೆ, ಇಲ್ಲಿ ಹೊರಳಲೇಬಾರದು. ನಮಗೆ ಚೂಪಾಗಿ ಕಾಣುವುದು ನಡುವಿನ ಸುಮಾರು 2 ಡಿಗ್ರಿ ಮಾತ್ರ. ಕೈ ಚಾಚಿ ಹೆಬ್ಬೆರಳು ನೋಡಿ, ಅದರ ಅಗಲದಷ್ಟು. ಕಣ್ಣು ಹೊರಳಿದರೆ ಆ ಬೆಳಕು ಬದಿಯದ್ದಾಗಿ ಉಳಿಯುವುದಿಲ್ಲ, ಪ್ರಯೋಗ ಕೆಟ್ಟಿತು.
‘ಅಂಚುನೋಟ’ ಅನ್ನಿ, ಸಾಕು.

ಉತ್ತರ:
ಅಂಚುನೋಟ ಒಪ್ಪಿದೆ. ನನಗೆ ಹಿಡಿಸಿದ್ದು ಮಾತ್ರ ‘ಅಟೆನ್ಶನ್’ಗೆ ನಾವು ಬಳಸುವ ‘ಗಮನ’ ಅನ್ನುವ ಪದ. ಸಂಸ್ಕೃತದಲ್ಲಿ ಗಮನ ಅಂದರೆ ಹೋಗುವುದು. ಇಲ್ಲಿ ಆಗುವುದೂ ಅದೇ ನೋಡಿ: ಕಣ್ಣು ಇದ್ದಲ್ಲೇ ಇರುತ್ತದೆ, ಗಮನ ಮಾತ್ರ ಹೋಗಿ ಬರುತ್ತದೆ. ಕಣ್ಣು ಕದಲಿಸದೆ ಗಮನ ಸರಿಸಬಹುದು ಅಂತ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ತೋರಿಸಿದ್ದ. ಬೆಳಕು ಯಾವ ಬದಿಗೆ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಬೇಗ ಒತ್ತುತ್ತೇವೆ. ಗಮನವೆಲ್ಲ ಎಣಿಕೆಗೇ ಹೋದರೆ ಬದಿಗೆ ಉಳಿಯುವುದು ಕಮ್ಮಿ.

ಉತ್ತರ:
ಮತ್ತೆ ಸಂಸ್ಕೃತ! ‘ನಿಗಾ’ ಇಲ್ವೇ?

ಉತ್ತರ:
ನಿಗಾ ಪಾರ್ಸಿಯಿಂದ ಬಂದದ್ದು ಸ್ವಾಮಿ. ಅಲ್ಲಿ ಅದರ ಅರ್ಥವೇ ನೋಟ. ಪಾರ್ಸಿ ಆದರೆ ಮಡಿ, ಸಂಸ್ಕೃತ ಆದರೆ ಮೈಲಿಗೆಯೋ?

ಉತ್ತರ:
ಜಗಳ ಆಮೇಲೆ. ಹಾಳೆಯಲ್ಲಿ ‘ಪ್ರತಿಕ್ರಿಯೆಯ ವೇಗ’ ಅಂತ ಇದ್ದರೆ ಮೊದಲು ತೆಗೆಯಿರಿ. ಅಳೆಯುವುದು ಸಮಯವನ್ನು. ಸುಮ್ನೆ ಬೆಳಕು ಕಂಡು ಒತ್ತಲು ಸುಮಾರು ಕಾಲು ಸೆಕೆಂಡು ಬೇಕು. ಕೆಲಸ ಕಷ್ಟವಾದರೆ ಈ ಅಂಕಿ ಏರುತ್ತದೆ. ‘ವೇಗ ಜಾಸ್ತಿಯಾಯಿತು’ ಅಂತ ಯಾರಾದರೂ ಓದಿಕೊಂಡರೆ ಕಥೆಯೇ ತಿರುಗುಮುರುಗು.

ಕೇಳಿದವರು:
ವೇಗ ಅಂತಲೇ ಇತ್ತು, ತೆಗೆದೆ. ಅಂಚುನೋಟ ತಲೆಬರಹಕ್ಕೆ ಹೋಯಿತು. ಸೂಚನೆಯಲ್ಲಿ ಯಾವ ಪದವೂ ಬೇಕಾಗಲಿಲ್ಲ: “ಕಣ್ಣು ಅಕ್ಷರದ ಮೇಲೇ ಇರಲಿ. ಬದಿಯಲ್ಲಿ ಬೆಳಕು ಕಂಡ ಕೂಡಲೇ ಗುಂಡಿ ಒತ್ತಿ.”

ಉತ್ತರ:
‘ಗುಂಡಿ’ ಅಂದರೆ ಹಳ್ಳ ಅಂತಲೂ ಆಗುತ್ತದೆ.