ಆರ್ಡರ್ ತುಂಬಿದೆ, ತಿಂಗಳ ಕೊನೆಗೆ ಕೈಯಲ್ಲಿ ದುಡ್ಡಿಲ್ಲ: ಸಣ್ಣ ಮಷಿನ್ ಶಾಪ್ ನಿರ್ವಹಣೆ ಎಲ್ಲಿಂದ ಸರಿಮಾಡೋದು?

ಪೀಣ್ಯಶೆಡ್:

ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಲೇತ್, ಒಂದು ವಿಎಂಸಿ (ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಮಷಿನ್), ಆಫೀಸು ಸೇರಿ 12 ಜನ, ಎರಡು ಶಿಫ್ಟ್. ಪಂಪ್ ಮತ್ತು ಆಟೊಮೇಷನ್ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡೋದು. ತಿಂಗಳಿಗೆ ಜಿಎಸ್‌ಟಿ ಬಿಟ್ಟು ಸುಮಾರು 9 ಲಕ್ಷ ಬಿಲ್ಲಿಂಗ್. ಹಣ ಬರೋದಕ್ಕೆ 90 ದಿನ. ವಿಎಂಸಿಗೆ ಗಂಟೆಗೆ 400 ರೂಪಾಯಿ ಹಾಕ್ತಿದ್ದೇವೆ, ಅಕ್ಕಪಕ್ಕದ ಶೆಡ್‌ಗಳಲ್ಲೂ ಅದೇ ರೇಟು. ಕೊಟೇಷನ್, ಖರೀದಿ, ಫೈನಲ್ ಇನ್‌ಸ್ಪೆಕ್ಷನ್, ವಸೂಲಿ ಎಲ್ಲಾ ಮಾಲೀಕರ ಕೈಯಲ್ಲೇ. ಟ್ಯಾಲಿ ಇದೆ, ಆದರೆ ಜಿಎಸ್‌ಟಿ ತಾರೀಖು ಬಂದಾಗ ಮಾತ್ರ ತೆರೆಯೋದು. ಸಿಸಿ ಲಿಮಿಟ್ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ) ಪೂರ್ತಿ ಬಳಕೆಯಾಗಿದೆ. ಒಬ್ಬರು ಇಆರ್‌ಪಿ (ಇಡೀ ಶಾಪ್ ನಿರ್ವಹಣೆಯ ಸಾಫ್ಟ್‌ವೇರ್) ಹಾಕಿ ಅಂತಾರೆ, ಇನ್ನೊಬ್ಬರು ಮ್ಯಾನೇಜರ್ ಇಟ್ಕೊಳ್ಳಿ ಅಂತಾರೆ. ಯಾವುದು ಮೊದಲು?

ಮೈಕ್ರಾನ್:

ಎರಡೂ ಈಗ ಬೇಡ. ಆ 400 ರೂಪಾಯಿ ಎಲ್ಲಿಂದ ಬಂತು ಅನ್ನೋದು ಮೊದಲು. ಪಕ್ಕದ ಶೆಡ್‌ನವರ ಮಷಿನ್ ಸಾಲ ತೀರಿರಬಹುದು, ಜಾಗ ಸ್ವಂತದ್ದಿರಬಹುದು. ಅವರ ರೇಟು ನಿಮ್ಮದಾಗಲ್ಲ.

ಒಂದು ಮಾದರಿ ಲೆಕ್ಕ ಹಾಕ್ತೀನಿ, ನಿಮ್ಮ ಅಂಕಿ ತುಂಬಿಕೊಳ್ಳಿ. ವಿಎಂಸಿ ಬೆಲೆ 28 ಲಕ್ಷ, 8 ವರ್ಷದ ನಂತರ ಮಾರಿದರೆ 4 ಲಕ್ಷ ಸಿಗುತ್ತೆ ಅಂತಿಟ್ಕೊಳ್ಳಿ. ಸವಕಳಿ ತಿಂಗಳಿಗೆ 25,000. ಸರಾಸರಿ 16 ಲಕ್ಷದ ಮೇಲೆ 10.5% ಬಡ್ಡಿ 14,000. ಎರಡು ಶಿಫ್ಟಿನ ಆಪರೇಟರ್‌ಗಳು ಪಿಎಫ್, ಇಎಸ್‌ಐ, ಬೋನಸ್ ಸೇರಿ 48,000. ಬಾಡಿಗೆ ಮತ್ತು ಆಫೀಸ್ ಖರ್ಚಿನ ಪಾಲು 30,000. ಮೇಂಟೆನೆನ್ಸ್ 5,000. ಇಲ್ಲಿಗೆ 1,22,000. ಮಷಿನ್ ಓಡಿದರೂ ನಿಂತರೂ ಇದು ಬಿಡಲ್ಲ.

ಓಡಿದಾಗ ಮಾತ್ರ ಬರೋದು ಕರೆಂಟು ಗಂಟೆಗೆ 48 (6 ಯೂನಿಟ್, 8 ರೂಪಾಯಿಯಂತೆ), ಇನ್ಸರ್ಟ್, ಎಂಡ್‌ಮಿಲ್ (ಸವೆದುಹೋಗೋ ಕತ್ತರಿಸೋ ಟೂಲ್‌ಗಳು), ಕೂಲೆಂಟ್ ಸುಮಾರು 58. ಒಟ್ಟು 106.

25 ದಿನ, ದಿನಕ್ಕೆ 16 ಗಂಟೆ ಅಂದರೆ ತಿಂಗಳಿಗೆ 400 ಗಂಟೆ. ಸೆಟ್ಟಿಂಗ್ (ಹೊಸ ಕೆಲಸಕ್ಕೆ ಮಷಿನ್ ಸಜ್ಜು ಮಾಡೋದು), ಕಾಯೋದು, ರಜೆ ಎಲ್ಲ ಕಳೆದು ನಿಜಕ್ಕೂ ಲೋಹ ಕತ್ತರಿಸೋದು 65% ಅಂದುಕೊಂಡರೆ 260 ಗಂಟೆ. 1,22,000 ಭಾಗಿಸು 260, ಜೊತೆಗೆ 106: ಗಂಟೆಗೆ ಹತ್ತಿರ ಹತ್ತಿರ 575 ರೂಪಾಯಿ ಬೀಳುತ್ತೆ. ನೀವು 400ಕ್ಕೆ ಕೊಟ್ಟರೆ ತಿಂಗಳಿಗೆ 45,000ಕ್ಕೂ ಮೇಲೆ ಕೈಬಿಡ್ತು. ಓವರ್‌ಟೈಮ್ ಹಾಕಿ ಸರಿದೂಗಿಸ್ತೀನಿ ಅಂದ್ರೂ ಆಗಲ್ಲ: 400 ರೇಟಿಗೆ ಗಂಟೆಗೆ ಉಳಿಯೋದು 294, ಖರ್ಚು ಹುಟ್ಟಬೇಕಾದ್ರೆ 415 ಗಂಟೆ ಓಡಬೇಕು. ನಿಮ್ಮ ಹತ್ರ ಇರೋದೇ 400! ರೇಟು 500 ಆದರೆ 310 ಗಂಟೆ ಸಾಕು.

106ಕ್ಕಿಂತ ಮೇಲೆ ಎಷ್ಟು ಬಂದರೂ ಲಾಭವೇ ಅನ್ನೋರೂ ಸಿಗ್ತಾರೆ. ಖಾಲಿ ನಿಂತ ರಾತ್ರಿ ಶಿಫ್ಟಿಗೆ ಒಂದೆರಡು ಸಲ ಆ ಮಾತು ಸರಿ. ಕಾಯಂ ಕೆಲಸಕ್ಕೆ ಆ ಲೆಕ್ಕ ಹಿಡಿದರೆ ಶೆಡ್ ಮುಚ್ಚಬೇಕಾಗುತ್ತೆ.

ಲೆಕ್ಕಬಾಕಿ:

ರೇಟಿನ ವಿಷಯ ಸರಿ. ಆದರೆ ರೇಟು ಏರಿಸೋಕೆ ತಿಂಗಳುಗಳು ಬೇಕು, ಸಂಬಳ 7ನೇ ತಾರೀಖು ಕೊಡಲೇಬೇಕು. 9 ಲಕ್ಷ ಬಿಲ್ಲಿಂಗಿಗೆ 90 ದಿನ ಅಂದರೆ 27 ಲಕ್ಷ ಹೊರಗಿದೆ, ಜಿಎಸ್‌ಟಿ ಬೇರೆ. 60 ದಿನಕ್ಕೆ ಇಳಿದರೆ 9 ಲಕ್ಷ ವಾಪಸ್. ಅಷ್ಟು ದುಡ್ಡನ್ನ ಯಾವ ಬ್ಯಾಂಕೂ ಬಡ್ಡಿಯಿಲ್ಲದೆ ಕೊಡಲ್ಲ.

ಸಿಸಿ ತುಂಬಿರೋಕೆ ಇನ್ನೊಂದು ಕಾರಣವೂ ಇರಬಹುದು. ಸಾಮಾನ್ಯವಾಗಿ ಬ್ಯಾಂಕಿನವರು 90 ದಿನ ದಾಟಿದ ಬಾಕಿಯನ್ನ ಡ್ರಾಯಿಂಗ್ ಪವರ್ (ಲಿಮಿಟ್‌ನಲ್ಲಿ ನಿಜಕ್ಕೂ ತೆಗೆಯಬಹುದಾದ ಮೊತ್ತ) ಲೆಕ್ಕಕ್ಕೆ ತಗೊಳ್ಳಲ್ಲ, ಸ್ಟಾಕ್ ಮೇಲೆ 25% ಮಾರ್ಜಿನ್ ಹಿಡೀತಾರೆ, ದುಡ್ಡು ಕೊಡದ ಮಾಲನ್ನೂ ಕಳೀತಾರೆ. ಹಾಗಾಗಿ ಬಾಕಿ ಹಳತಾದಷ್ಟೂ ಲಿಮಿಟ್ ಕಾಗದದ ಮೇಲೆ ಮಾತ್ರ ಇರುತ್ತೆ.

ಪ್ರತಿ ಸೋಮವಾರ ಟ್ಯಾಲಿಯಿಂದ ಬಾಕಿ ಪಟ್ಟಿಯನ್ನ ಬಿಲ್‌ವಾರು ತೆಗೀರಿ: 0–30, 31–45, 46–90, ಮೇಲೆ. ಪಕ್ಕದಲ್ಲಿ ಒಂದು ಕಾಲಂ ಇರಲಿ, ‘ಯಾಕೆ ನಿಂತಿದೆ’ ಅಂತ. ಎಲ್ಲಾ ಬಿಲ್ಲೂ ದುಡ್ಡಿಲ್ಲದೆ ನಿಲ್ಲೋದಲ್ಲ. ಪಿಒ (ಪರ್ಚೇಸ್ ಆರ್ಡರ್) ರೇಟಿಗೂ ಬಿಲ್ ರೇಟಿಗೂ ಹೊಂದಲ್ಲ, ಟೆಸ್ಟ್ ಸರ್ಟಿಫಿಕೇಟ್ ಹೋಗಿಲ್ಲ, ಜಿಆರ್‌ಎನ್ (ಮಾಲು ಸೇರಿತು ಅಂತ ಕಸ್ಟಮರ್ ಮಾಡೋ ನಮೂದು) ಆಗಿಲ್ಲ, ಎರಡು ಪೀಸ್ ರಿಜೆಕ್ಷನ್‌ಗೆ ಇಡೀ ಬಿಲ್ ಹಿಡಿದಿದ್ದಾರೆ. ಹಾಗಾಗಿ ಮೊದಲ ಫೋನ್ ಮಾಲು ತಲುಪಿದ 3ನೇ ದಿನ ಹೋಗಬೇಕು, ಜಿಆರ್‌ಎನ್ ನಂಬರ್ ಕೇಳೋಕೆ. ಅಕೌಂಟ್ಸ್‌ನವರಿಗಲ್ಲ, ಸ್ಟೋರ್ಸ್‌ಗೆ. 60ನೇ ದಿನ ಅಕೌಂಟ್ಸ್‌ಗೆ ಫೋನ್ ಮಾಡಿ ಜಗಳ ಆಡಿದ್ರೆ ‘ಬಿಲ್ಲೇ ಬಂದಿಲ್ಲ’ ಅಂತಾರೆ.

ಜಿಎಸ್‌ಟಿ ಮೂರು ತಿಂಗಳಿಗೊಮ್ಮೆ ಸಲ್ಲಿಸ್ತಿದ್ದೀರಾ? ಹಾಗಿದ್ರೆ ಮೊದಲೆರಡು ತಿಂಗಳ ಬಿಲ್ಲುಗಳನ್ನ ಮುಂದಿನ ತಿಂಗಳು 13ರೊಳಗೆ ಐಎಫ್‌ಎಫ್‌ನಲ್ಲಿ (ಜಿಎಸ್‌ಟಿ ಪೋರ್ಟಲ್‌ನಲ್ಲಿ ಬಿಲ್ ಮೊದಲೇ ಹಾಕೋ ಸೌಲಭ್ಯ) ಹಾಕಿ. ಇಲ್ಲದಿದ್ರೆ ಕಸ್ಟಮರ್‌ನ 2ಬಿಯಲ್ಲಿ (ಅವರ ತೆರಿಗೆ ಕ್ರೆಡಿಟ್ ಪಟ್ಟಿ) ಕಾಣಲ್ಲ, ತೆರಿಗೆ ಪಾಲನ್ನ ಹಿಡಿದಿಟ್ಕೊಳ್ತಾರೆ.

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ದಾಖಲಾಗೋದು) ಇಲ್ಲದಿದ್ರೆ ಇವತ್ತೇ ಮಾಡಿಸಿ, ನಂಬರ್ ಬಿಲ್ ಮೇಲೆ ಅಚ್ಚಾಗಲಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇಲ್ಲದಿದ್ರೆ 15 ದಿನ, ಇದ್ದರೂ 45 ದಿನಕ್ಕಿಂತ ಹೆಚ್ಚು ಎಳೆಯೋ ಹಾಗಿಲ್ಲ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ಕೇಳೋರು ಕಮ್ಮಿ, ಮುಂದಿನ ಆರ್ಡರ್ ಹೋಗುತ್ತೆ ಅನ್ನೋ ಭಯ. ಹೆಚ್ಚು ಉಪಯೋಗಕ್ಕೆ ಬರೋದು 2023ರ ಹಣಕಾಸು ಕಾಯ್ದೆ ತಂದ ನಿಯಮ: ಈ ಅವಧಿ ಮೀರಿದ ಬಾಕಿಯನ್ನ ಮಾರ್ಚ್ 31ರೊಳಗೆ ಕೊಡದಿದ್ರೆ ಕೊಳ್ಳೋ ಕಂಪನಿ ಆ ವರ್ಷ ಅದನ್ನ ಖರ್ಚು ಅಂತ ತೋರಿಸೋಕಾಗಲ್ಲ. ಆದ್ದರಿಂದ ಜನವರಿ ಕೊನೆಗೆ ಉದ್ಯಮ್ ಪ್ರತಿ ಸೇರಿಸಿ, ಬಿಲ್ ಪಟ್ಟಿ ಹಾಕಿ ಒಂದು ಮೇಲ್ ಕಳಿಸಿ. ಮರ್ಯಾದೆಯಾಗೇ ಬರೀರಿ, ಅವರ ಆಡಿಟರ್ ಉಳಿದದ್ದು ನೋಡ್ಕೊಳ್ತಾರೆ. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ಟಿಆರ್‌ಇಡಿಎಸ್‌ಗೆ (ಬಿಲ್ ಮೇಲೆ ಬ್ಯಾಂಕುಗಳು ಮುಂಗಡ ಹಣ ಕೊಡೋ ಆನ್‌ಲೈನ್ ವೇದಿಕೆ) ಸೇರಲೇಬೇಕು. ನಿಮ್ಮ ಕಸ್ಟಮರ್ ಅಲ್ಲಿ ಬಿಲ್ ಒಪ್ಪಿದ್ರೆ ಬಡ್ಡಿ ಕಳೆದು ಹಣ ಬೇಗ ಬರುತ್ತೆ, ಅವರು ಆಮೇಲೆ ಕೊಡದಿದ್ರೂ ನಿಮ್ಮ ಮೇಲೆ ಬರಲ್ಲ. ಬಾಕಿ ಬಗ್ಗೆ ಸರ್ಕಾರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ದೂರು ಕೊಡೋದು ಕೊನೇ ಅಸ್ತ್ರ, ಆ ಕಸ್ಟಮರ್ ಬೇಡ ಅಂತ ತೀರ್ಮಾನಿಸಿದ ಮೇಲೆ.

ಉದ್ಯಮಬಾಗ್:

ಇಬ್ಬರೂ ಬರೋಬ್ಬರಿ ಹೇಳ್ಯಾರ. ಆದ್ರ ಆ 65% ಅನ್ನೋದು ಖರೇನೋ ಸುಳ್ಳೋ ನಿಮಗ ಹೆಂಗ ಗೊತ್ತಾಗ್ತದ? ಅಳದು ಬರದಿಟ್ಟಿರೇನು?

ಪ್ರತಿ ಮಷಿನ್ ಬಾಜೂಕ ಒಂದು ಬೋರ್ಡ್ ಹಾಕ್ರಿ. ನಿಂತ ಕೂಡ್ಲೆ ಆಪರೇಟರ್ ಹೊತ್ತು ಮತ್ತ ಒಂದು ಅಕ್ಷರ ಬರೀಬೇಕು: ಸೆ (ಸೆಟ್ಟಿಂಗ್), ಮಾ (ಮಾಲಿಲ್ಲ), ಟೂ (ಟೂಲಿಲ್ಲ), ತ (ತಪಾಸಣೆಗೆ ಕಾಯೋದು), ಕ (ಕರೆಂಟು). ಹದಿನೈದು ದಿನ ಬರೀರಿ. ಮಾಲೀಕರ ಕೈಯಾಗ ಫೈನಲ್ ಇನ್‌ಸ್ಪೆಕ್ಷನ್ ಅದ ಅಂದ್ರಿ, ‘ತ’ ಭಾಳ ಬರ್ತದ ನೋಡ್ರಿ. ಫಸ್ಟ್ ಪೀಸ್ ಒಪ್ಪಿಗಿ ಕೊಡೋ ಅಧಿಕಾರ ಶಿಫ್ಟ್‌ಗೊಬ್ಬ ಸೆಟ್ಟರ್‌ಗೆ ಕೊಡ್ರಿ. ಗೇಜ್ ಮತ್ತ ಡ್ರಾಯಿಂಗಿನ ಹೊಸ ರಿವಿಜನ್ ಅವನ ಟೇಬಲ್ ಮ್ಯಾಲೆ ಇರಬೇಕು, ಹಳೇ ಡ್ರಾಯಿಂಗ್ ಹರದು ಒಗೀರಿ.

ಜಾಬ್ ಕಾರ್ಡ್ ಮಾಲಿನ ಸಂಗಟ ತಿರುಗಬೇಕು. ಎಷ್ಟು ಬಂತು, ಎಷ್ಟು ಓಕೆ, ಎಷ್ಟು ರೀವರ್ಕ್, ಎಷ್ಟು ರಿಜೆಕ್ಟ್, ಸೆಟ್ಟಿಂಗ್ ಶುರುವಾದದ್ದು ಯಾವಾಗ, ಮುಗಿದದ್ದು ಯಾವಾಗ. ಸೆಟ್ಟಿಂಗ್ 90 ಮಿನಿಟು, ಸೈಕಲ್ (ಒಂದು ಪೀಸ್ ಕತ್ತರಿಸೋ ಹೊತ್ತು) 6 ಮಿನಿಟು ಇದ್ರ, 200 ಪೀಸಿಗೆ ಒಂದಕ್ಕ ಆರೂವರಿ ಮಿನಿಟೂ ಬೀಳಂಗಿಲ್ಲ. ಅದ 20 ಪೀಸಿನ ಆರ್ಡರ್ ಆದ್ರ ಹತ್ತೂವರಿ ಮಿನಿಟು. ಎರಡಕ್ಕೂ ಒಂದ ರೇಟು ಹಚ್ಚಿದ್ರ ಸಣ್ಣ ಬ್ಯಾಚು ನಿಮ್ಮನ್ನ ತಿಂದು ಹಾಕ್ತದ.

ಇನ್ಸರ್ಟ್: ಹಳೇದು ಕೊಟ್ರ ಹೊಸದು. ದಿನಕ್ಕ 4 ಖರ್ಚು, ಬರಾಕ 5 ದಿನ, ಕೈಕಾವಲಿಗೆ 8 ಅಂದ್ರ 28ಕ್ಕ ಬಂದಾಗ ಆರ್ಡರ್ ಹಾಕ್ರಿ. ಡಬ್ಬಿ ಮ್ಯಾಲೆ ಆ ನಂಬರ್ ಬರದು ಹಚ್ರಿ ಸಾಕು, ಸಾಫ್ಟ್‌ವೇರ್ ಯಾಕ ಬೇಕು. ಅಲ್ಯೂಮಿನಿಯಂ ಚಿಪ್ಸ್ (ಕತ್ತರಿಸಿ ಬಿದ್ದ ಚೂರು) ಕಬ್ಬಣದ ಜೋಡಿ ಕೂಡಿದ್ರ ಕಬ್ಬಣದ ರೇಟಿಗೇ ಹೋಗ್ತದ, ಡ್ರಮ್ ಬ್ಯಾರೆ ಇಡ್ರಿ.

ಪೀಣ್ಯಶೆಡ್:

ಬೋರ್ಡ್ ನಾಳೆಯಿಂದಲೇ. ಎರಡು ಪ್ರಶ್ನೆ. ಇಆರ್‌ಪಿ ಯಾವತ್ತೂ ಬೇಡ್ವಾ? ಹಳೇ ಕಸ್ಟಮರ್‌ಗೆ 400ರಿಂದ ಏಕ್‌ದಂ 575 ಕೇಳಿದ್ರೆ ಬಾಗಿಲು ತೋರಿಸಲ್ವಾ?

ಮೈಕ್ರಾನ್:

ಇಆರ್‌ಪಿಗೆ ಮೊದಲು ಐಟಂ ಕೋಡ್ ಸರಿಮಾಡಿ. ಒಂದೇ ರಾಡು ‘ಇಎನ್8 32 ಎಂಎಂ’, ‘ಇಎನ್-8 ರೌಂಡ್’, ‘32 ಡಯಾ’ ಅಂತ ಮೂರು ಹೆಸರಲ್ಲಿ ಕೂತಿದ್ರೆ ಯಾವ ಸಾಫ್ಟ್‌ವೇರೂ ಸ್ಟಾಕ್ ಸರಿ ತೋರಿಸಲ್ಲ. ಲೋಹ, ಆಕಾರ, ಅಳತೆ ಅನ್ನೋ ಕ್ರಮದಲ್ಲಿ ಒಂದೇ ಹೆಸರು. ಜಾಬ್ ಕಾರ್ಡ್ ಮೂರು ತಿಂಗಳು ತಪ್ಪದೆ ತುಂಬಿದ್ದೀರಿ ಅಂದ್ರೆ ಆಗ ಯೋಚಿಸಿ. ಕಾಗದದಲ್ಲಿ ಬರೆಯದ ಆಪರೇಟರ್ ಟ್ಯಾಬ್‌ನಲ್ಲೂ ಬರೆಯಲ್ಲ.

ರೇಟಿಗೆ: 575 ಅಂತ ಬಾಯಿಬಿಟ್ಟು ಕೇಳಬೇಡಿ, ಕಸ್ಟಮರ್‌ಗೆ ಗಂಟೆ ರೇಟು ಹೇಳೋದೇ ತಪ್ಪು. ಪೀಸ್ ರೇಟಲ್ಲೇ ಮಾತಾಡಿ. ಐಟಂಗಳನ್ನ ಗಂಟೆಗೆ ಎಷ್ಟು ಉಳಿಸುತ್ತೆ ಅನ್ನೋ ಲೆಕ್ಕದಲ್ಲಿ ಸಾಲಾಗಿ ಬರೀರಿ, ಕೊನೇ ಐದನ್ನ ಮಾತ್ರ ಈ ತಿಂಗಳು ಎತ್ತಿಕೊಳ್ಳಿ. ಅದರಲ್ಲಿ ಹೆಚ್ಚಿನವು ಸಣ್ಣ ಬ್ಯಾಚೇ ಇರುತ್ತವೆ. ಅವಕ್ಕೆ ಪೀಸ್ ರೇಟ್ ಮುಟ್ಟದೆ ಸೆಟ್ಟಿಂಗ್ ಚಾರ್ಜ್ ಬೇರೆ ಸಾಲಿನಲ್ಲಿ ಹಾಕಿ, ಇಲ್ಲಾ ಕನಿಷ್ಠ 100 ಪೀಸ್ ಕೇಳಿ. ಪರ್ಚೇಸ್‌ನವರು ಪೀಸ್ ರೇಟ್ ಏರಿಕೆಗೆ ಮೇಲಿನವರ ಸಹಿ ತರಬೇಕು, ಬ್ಯಾಚ್ ದೊಡ್ಡದು ಮಾಡೋಕೆ ಅದು ಬೇಕಾಗೋದು ಕಮ್ಮಿ. ಹೊಸ ಕೊಟೇಷನ್‌ಗೆಲ್ಲ 15 ದಿನದ ಗಡುವು, ಜೊತೆಗೆ ಕಚ್ಚಾಮಾಲಿನ ಅಂದಿನ ಬೆಲೆ ನಮೂದು. ಬೆಲೆ 5% ಆಚೀಚೆ ಆದರೆ ರೇಟು ಮತ್ತೆ ನೋಡೋಣ ಅಂತ ಒಂದು ಸಾಲು ಇರಲಿ. ಸ್ಟೀಲ್ ಇಳಿದಾಗ ನೀವೇ ಮೊದಲು ಇಳಿಸಿ ಕೊಡಿ, ಏರಿದಾಗ ಕೇಳೋಕೆ ಬಾಯಿ ಬರುತ್ತೆ.