ಜಡ್ಜ್ ಪಕ್ಕದ ಎಲೆ

ಗಾಂಧಿ ಬಜಾರ್‌ನಲ್ಲಿ ಟೂ ಬೈ ತ್ರೀ ಕಾಫಿ ಕುಡಿಯುತ್ತಿದ್ದಾಗ ಸೀನ ಬಾಂಬ್ ಹಾಕಿದ. "ನಿನ್ನೆ ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆ ಯಾರದು ಗೊತ್ತಾ? ನಮ್ಮ ಕಾಂಪೌಂಡ್ ಗೋಡೆ ಕೇಸಿನ ಜಡ್ಜ್!"

ಹನ್ನೊಂದು ವರ್ಷದ ಕೇಸು. ಪಕ್ಕದ ಮನೆಯವರು ಅರ್ಧ ಅಡಿ ಒತ್ತುವರಿ ಮಾಡಿದ್ದಾರೆ ಅಂತ ಇವನು, ಒಂದಡಿ ಒತ್ತಿದ್ದು ಇವನೇ ಅಂತ ಅವರು. (ನಾನು ಆ ಗೋಡೆ ನೋಡಿದ್ದೇನೆ. ಎರಡೂ ಕಡೆ ವಾಲಿದೆ.)

"ಏನಾದ್ರೂ ಮಾತಾಡಿದೆಯಾ?" ವಕೀಲ ನಾಣಿ ಲೋಟ ಕೆಳಗಿಟ್ಟ.

"ಜಾಸ್ತಿ ಏನಿಲ್ಲಪ್ಪ. ಸರ್ವೆ ನಕ್ಷೆ ಒಂದ್ಸಲ ನೋಡಿ ಸ್ವಾಮಿ, ಅಂದೆ. ಅವರು ಕೋಸಂಬರಿಯನ್ನೇ ನೋಡ್ತಾ ಕೂತರು."

ಪಾಪ, ಪಂಕ್ತಿಯ ಮಧ್ಯೆ ಎದ್ದು ಹೋಗೋಕೂ ಆಗಲ್ಲ ಅಲ್ವಾ.

ನಾಣಿ ಹಣೆ ಚಚ್ಚಿಕೊಂಡ. "ಪುಣ್ಯಾತ್ಮ, ನಡೀತಿರೋ ಕೇಸಿನ ಬಗ್ಗೆ ಜಡ್ಜ್ ಹತ್ರ ಖಾಸಗಿಯಾಗಿ ಮಾತಾಡಬಾರದು ಅಂತ ವಕೀಲರಿಗೆ ಬಾರ್ ಕೌನ್ಸಿಲ್ ನಿಯಮವೇ ಇದೆ. ಲಿಫ್ಟಲ್ಲಿ ಸಿಕ್ಕರೆ ನಾನೇ ನಮಸ್ಕಾರ ಹೇಳಿ ಸುಮ್ನೆ ಫ್ಲೋರ್ ನಂಬರ್ ನೋಡ್ತಾ ನಿಂತಿರ್ತೀನಿ, ನೀನು ಹೋಳಿಗೆ ಬರೋ ಮೊದಲೇ ನಕ್ಷೆ ಬಿಚ್ಚಿದೆಯಾ!"

"ದುಡ್ಡು ಕೊಟ್ಟೆನಾ? ಸತ್ಯ ಹೇಳಿದೆ."

"ಸತ್ಯವೇ ಇರಲಿ. ಅದಕ್ಕೆ ಉತ್ತರ ಕೊಡೋಕೆ ಪಕ್ಕದ ಮನೆಯವರು ಅಲ್ಲಿದ್ರಾ?"

"ಇದ್ರು. ತುಪ್ಪ ಬಡಿಸ್ತಿದ್ರು." ಸೀನನ ಮುಖ ಬಾಡಿತು. "ಜಡ್ಜ್ ಎಲೆಗೆ ಎರಡು ಸಲ ಹಾಕಿದ್ರು ಕಣೋ. ಬಗ್ಗಿದಾಗ ಏನೋ ಪಿಸುಗುಟ್ಟಿದ ಹಾಗಿತ್ತು."

"ಇನ್ನೂ ಸ್ವಲ್ಪ ಬೇಕಾ ಅಂತ ಕೇಳಿರಬೇಕು ಬಿಡೋ."

"ಯಾರಿಗೆ ಗೊತ್ತು? ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

"ನೀನು ನಕ್ಷೆ ಅಂದಿದ್ದು ಅವರ ಕಿವಿಗೆ ಬಿದ್ದಿದ್ರೆ ಅವರಿಗೂ ಬಂದಿರಲ್ಲ" ಅಂದ ನಾಣಿ. "ಜಡ್ಜ್‌ಗಳ ನಡತೆಗೆ ಅಂತಲೇ 'ಬೆಂಗಳೂರು ತತ್ವಗಳು' ಇವೆ. 2001ರಲ್ಲಿ ಕರಡು ಇಲ್ಲೇ ಆಯ್ತು, 2002ರಲ್ಲಿ ಹೇಗ್‌ನಲ್ಲಿ ತಿದ್ದಿ ಒಪ್ಪಿಕೊಂಡ್ರು. ನ್ಯಾಯ ಮಾಡಿದ್ರೆ ಸಾಲದು, ಮಾಡಿದ ಹಾಗೆ ಕಾಣಲೂ ಬೇಕು ಅಂತ ಅದರಲ್ಲಿದೆ. ಪ್ರಪಂಚಕ್ಕೆಲ್ಲ ನಮ್ಮೂರ ಹೆಸರಲ್ಲಿ ಬುದ್ಧಿ, ನಮ್ಮೂರಲ್ಲಿ ನೀನು!"

"ಈಗೇನಾಗುತ್ತೆ?"

"ಊಟದಲ್ಲಿ ಹೀಗಾಯ್ತು ಅಂತ ಜಡ್ಜ್ ಎರಡೂ ಕಡೆಯವರ ಮುಂದೆ ಹೇಳಬಹುದು. ಈ ಕೇಸು ನನಗೆ ಬೇಡ ಅಂತ ಕೈ ಬಿಡಲೂಬಹುದು. ಆಮೇಲೆ ಹೊಸ ಜಡ್ಜ್, ಹೊಸ ತಾರೀಕು."

ಹನ್ನೊಂದು ವರ್ಷ ಪಕ್ಕದ ಮನೆಯವರನ್ನು ಬೈದವನು ಈಗ ತನ್ನನ್ನು ಆ ಪಂಕ್ತಿಯಲ್ಲಿ ಕೂರಿಸಿದ ಬೀಗರನ್ನು ಬೈಯಲು ಶುರು ಮಾಡಿದ.

"ಹೋಗಲಿ, ಹೋಳಿಗೆ ಹೇಗಿತ್ತು?" ಅಂದೆ.

"ತಿನ್ನಲಿಲ್ಲ ಕಣೋ. ತುಪ್ಪ ಅವರು ಬಡಿಸಿದ್ದು."